ಹರ್ತಿಯ ಮನೆ

ಮನೆಗೆ ನಲ್ಲಿ ಹಾಕಿಸುವ ಅರ್ಜಿ ಹಿಡಿದು ಗದಗಿನ ಕಚೇರಿಯೊಂದರ ಬೆಂಚಿನ ಮೇಲೆ ಕುಳಿತಿದ್ದ ಬನಶಂಕರೆವ್ವನ ಪಕ್ಕಕ್ಕೆ, ಗಂಟು ಹೊತ್ತ ಇಬ್ಬರು ಮುದುಕಿಯರು ಬಂದು ಕುಳಿತರು. ಮನೆಯಿಲ್ಲದವರಿಗೆ ಮಲಗಲು ಜಾಗ ಕೊಡುವ ಪಟ್ಟಿಯಲ್ಲಿ ಹುಲಿಗೆವ್ವನ ಹೆಸರಿತ್ತು. ಶಾವಕ್ಕನದು ಇರಲಿಲ್ಲ.

“ಸಂತ್ಯಾಗ ಹೆಸರು ಬರಕೊಳ್ಳಾಕ ಬಂದ ಹುಡಿಗಿಗೆ ಏನಂತ ಹೇಳಿದಿ ಶಾವಕ್ಕಾ?”

“ಮನಿ ಎಲ್ಲೈತಿ ಅಂತ ಕೇಳಿದ್ಲು. ಹರ್ತ್ಯಾಗ ತಮ್ಮನ ಮನಿ ಐತಿ ಅಂದೆ.”

“ತಮ್ಮ ಸತ್ತು ಆರು ವರ್ಷಾತು. ಆ ಮನಿ ಬಿದ್ದು ಜಾಲಿ ಬೆಳದೈತಿ.”

“ಸಂತಿ ಮಂದಿಯೆಲ್ಲಾ ನಿಂತು ಕೇಳಾಕತ್ತಿದ್ರು. ಅವರ ಮುಂದ ನನಗ ತವರಿಲ್ಲ ಅನ್ನಾಕ ಬಾಯಿ ಬರಲಿಲ್ಲ.”

“ನಾ ಅನ್ನಲಿಲ್ಲೇನ?”

“ನಿನಗ ಮೊದಲಿಂದ ನಾಚಿಕಿ ಕಡಿಮಿ.”

“ಹೌದವ್ವಾ, ಅದಕ್ಕ ನನಗ ಹಾಸಿಗಿ ಸಿಕ್ತು. ನಾವು ಮಕ್ಕೊಳ್ಳೂ ಸಂತಿ ಶೆಡ್ಡಿಗೆ ನಾಳಿಂದ ಬೀಗ ಹಾಕ್ತಾರ. ನೀ ಎಲ್ಲಿ ಮಕ್ಕೋತಿ?”

“ನಿನ್ನ ಹಾಸಿಗ್ಯಾಗ ಇಬ್ಬರೂ ಮಕ್ಕೊಂಡ್ರಾತು.”

“ಅದನ್ನೂ ಕೇಳಿದೆ. ಹೆಸರಿದ್ದವರನ್ನಷ್ಟ ಒಳಗ ಬಿಡ್ತಾರಂತ.”

“ಹೆಸರು ತಿರುಗಿ ಬರಸಾಕ ಬರೂದಿಲ್ಲೇನ?”

“ಮುಂದಿನ ಸಲ ಬರಕೊಳ್ಳಾಕ ಬಂದಾಗ ಅಂದ್ರು. ಯಾವಾಗ ಅನ್ನೂದು ಅವರಿಗೂ ಗೊತ್ತಿಲ್ಲ.”

ಎಲ್ಲವನ್ನೂ ಕೇಳಿಸಿಕೊಂಡ ಬನಶಂಕರೆವ್ವ, ಏನು ಮಾತಾಡಬೇಕೆಂದು ತಿಳಿಯದೆ, ಶಾವಕ್ಕನ ಕಡೆ ತಿರುಗಿ, “ನಿಮ್ಮದು ಯಾವೂರ್ರಿ ಯವ್ವಾ?” ಎಂದು ಕೇಳಿಬಿಟ್ಟಳು.

ಶಾವಕ್ಕ ಸೆರಗು ಸರಿಮಾಡಿಕೊಂಡಳು.

“ಹರ್ತಿರಿ. ಅಲ್ಲಿ ತಮ್ಮನ ಮನಿ ಐತಿ.”

ಹುಲಿಗೆವ್ವ ತನ್ನ ಗಂಟಿನ ಜೊತೆಗೆ ಶಾವಕ್ಕನ ಗಂಟನ್ನೂ ಎತ್ತಿಕೊಂಡು ಮೆಟ್ಟಿಲಿಳಿದಳು. ಶಾವಕ್ಕ ಬರಿಗೈಯಲ್ಲಿ ಅವಳ ಹಿಂದೆ ಹೋದಳು.