ಮೂವರಿಗೊಂದೇ ಬಿಳಿ ಕೋಟು

…ಅಲ್ಲ ಕಣೇ ಅನಿಕಾ, ದುಡ್ಡು ಕೊಟ್ಟು ನಡೀತಿದ್ರು ಅಂದ್ರೆ ನಿಜವಾಗ್ಲೂ ನಡೆಯೋದೇ. ವಾರ್ಡಲ್ಲಿ ದೊಡ್ಡ ಡಾಕ್ಟರು ಮುಂದೆ, ಹುಡುಗರು ಹಿಂದೆ. ಹಾಗೆ ಹಿಂದೆ ನಡೆಯೋದಕ್ಕೇ ಫೀಸು. ವಿಕ್ಟೋರಿಯಾ ರಾಣಿ ಕಾಲದಲ್ಲಿ ಈ ಲಂಡನ್ನಲ್ಲಿ ಡಾಕ್ಟರ್ ಆಗೋದು ಅಂದ್ರೆ ಅದು. ನೀನು ಬೆಳಿಗ್ಗೆಯಿಂದ ಮೆಡಿಕಲ್ ಸೀಟು ಸಿಕ್ಕಿರೋ ಖುಷಿ ಬಿಟ್ಟು, ಲೋನು ಲೋನು ಅಂತ ಮುಖ ಸಪ್ಪೆ ಮಾಡ್ಕೊಂಡು ಕೂತಿದೀಯಲ್ಲ, ಅದಕ್ಕೇ ನನಗೆ ವಿಟ್‌ಲೋ ಡಾಕ್ಟರು ನೆನಪಾದ್ರು. ಆ ಕುರ್ಚಿ ಈ ಕಡೆ ಎಳ್ಕೋ, ಅಲ್ಲಿ ನೆರಳು. ಈ ಕ್ವೀನ್ಸ್‌ಬರಿಯಲ್ಲಿ ಬಿಸಿಲು ಬಂದಾಗ ಕೂತ್ಕೊಂಡ್ರೆ ಉಂಟು, ಇಲ್ಲದಿದ್ರೆ ಇಲ್ಲ. ಹ್ಞಾ, ಎಲ್ಲಿದ್ದೆ? ವಿಟ್‌ಲೋ ಡಾಕ್ಟರು. ಇಲ್ಲ ಇಲ್ಲ, ಅದಕ್ಕೆ ಮುಂಚೆಯಿಂದ ಹೇಳ್ಬೇಕು.

ನಾನು ಮೈಸೂರಲ್ಲಿ ಎಂಬಿಬಿಎಸ್ ಮುಗಿಸಿ, ಹೆರಿಗೆ ವಾರ್ಡಲ್ಲಿ ಕೆಲಸಾನೂ ಮಾಡಿದ್ದೆ, ಗೊತ್ತಾ. ಎಷ್ಟು ಕೂಸುಗಳು ಮೊದಲು ಅತ್ತಿದ್ದು ಈ ಕೈಯಲ್ಲೇ. ನಿಮ್ಮ ತಾತನಿಗೆ ಏರ್‌ಪೋರ್ಟ್ ಹತ್ತಿರ ಸಾಮಾನು ಸಾಗಿಸೋ ಕಂಪನಿಯಲ್ಲಿ ಕೆಲಸ ಸಿಕ್ತು ಅಂತ ಬಂದ್ವಿ. ನಿಮ್ಮಪ್ಪ ಆಗ ಅಂಬೆಗಾಲು. ಹೌನ್ಸ್ಲೋನಲ್ಲಿ ಒಂದು ಬಟ್ಟೆ ಅಂಗಡಿ ಮೇಲೆ ಎರಡು ರೂಮು, ಗೋಡೆ ಮುಟ್ಟಿದ್ರೆ ತೇವ. ಆಮೇಲೆ ಗೊತ್ತಾಯ್ತು, ಇಲ್ಲಿ ನಾನು ಡಾಕ್ಟರೇ ಅಲ್ಲ. ಹೊರದೇಶದಿಂದ ಬಂದವರು ಇನ್ನೊಂದು ಪರೀಕ್ಷೆ ಪಾಸು ಮಾಡ್ಬೇಕು. ಬರೆದೆ. ಫೇಲಾದೆ. ಓದಿದ್ದು ಕಮ್ಮಿ ಆಯ್ತು ಅಂತಲ್ಲ ಕಣಮ್ಮ, ಇಲ್ಲಿ ರೋಗಿ ಹತ್ರ ಹೇಗೆ ಮಾತಾಡ್ತಾರೆ, ಏನು ಕೇಳ್ತಾರೆ, ಯಾವುದಕ್ಕೆ ಕ್ಷಮಿಸಿ ಅಂತಾರೆ, ಅದು ನನಗೆ ಗೊತ್ತಿರ್ಲಿಲ್ಲ. ನಮ್ಮಲ್ಲಿ "ಏನಮ್ಮ, ಎಲ್ಲಿ ನೋವು?" ಅಂದ್ರೆ ಮುಗೀತು. ಇಲ್ಲಿ ಹೊಟ್ಟೆ ಮುಟ್ಟೋದಕ್ಕೆ ಮುಂಚೆ ಮೂರು ಮಾತು ಕೇಳ್ಬೇಕು. ಒಳ್ಳೇದೇ, ಬೇಡ ಅಂತೀನಾ, ಆದ್ರೆ ಅದನ್ನ ಕಲಿಯೋದು ಎಲ್ಲಿ? ಅದಕ್ಕೆ ಒಂದು ದಾರಿ ಇತ್ತು, ಅಟ್ಯಾಚ್‌ಮೆಂಟ್ ಅಂತ. ಯಾವುದಾದ್ರೂ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್, ಅಂದ್ರೆ ವಾರ್ಡಿನ ದೊಡ್ಡ ಡಾಕ್ಟರು, ಅವರ ಹಿಂದೆ ನಿಂತ್ಕೊಂಡು ನೋಡೋದು. ಸಂಬಳ ಇಲ್ಲ. ರೋಗೀನ ಮುಟ್ಟೋ ಹಾಗಿಲ್ಲ. ನೋಡೋದು ಅಷ್ಟೇ. ಬೆಳಗಿನ ಜಾವ ಎದ್ದು ವಿಮಾನದ ಊಟ ತಯಾರು ಮಾಡೋ ಕಡೆ ಹೋಗಿ ತಟ್ಟೇಲಿ ಬನ್ನು ಜೋಡಿಸೋದು, ಬೆಣ್ಣೆ ಜೋಡಿಸೋದು, ಆಮೇಲೆ ಕೈಯಲ್ಲಿ ಆ ಬೆಣ್ಣೆ ವಾಸನೆ ಹಾಗೇ ಇರೋವಾಗ್ಲೇ ಬಸ್ಸು ಹತ್ತಿ ಆಸ್ಪತ್ರೆ. ತಾತನ ಪಾಳಿ ನೋಡ್ಕೊಂಡು ಮಗೂನ ಅವರ ಕೈಗೆ ಕೊಟ್ಟು ಓಡೋದು.

ಅಲ್ಲಿ ನನ್ನ ಹಾಗೇ ಇನ್ನಿಬ್ಬರಿದ್ರು. ಗ್ರೇಸ್ ಅಂತ, ಘಾನಾ ದೇಶದವಳು, ನನ್ನ ಭುಜದವರೆಗೂ ಬರ್ತಿರ್ಲಿಲ್ಲ, ಆದ್ರೆ ನಕ್ಕರೆ ಪಕ್ಕದ ವಾರ್ಡಿಗೂ ಕೇಳ್ಬೇಕು. ಇನ್ನೊಬ್ಬ ಸಿದ್ದಿಕಿ, ಮುಲ್ತಾನದವನು, ತೆಂಗಿನ ಮರ ಇದ್ದ ಹಾಗಿದ್ದ. ಮೂರು ಜನಾನೂ ಡಾಕ್ಟರುಗಳೇ, ಮೂರು ಜನಾನೂ ಗೋಡೆಗೆ ಒರಗಿ ನಿಂತ್ಕೊಳ್ಳೋರು. ನಮ್ಮ ಕನ್ಸಲ್ಟೆಂಟೇ ಈ ವಿಟ್‌ಲೋ ಡಾಕ್ಟರು, ನಮ್ಮನ್ನ ತಿರುಗಿ ನೋಡಿದ್ದೇ ಇಲ್ಲ. ಬಿಳಿ ಹುಬ್ಬು, ಬಗ್ಗಿದ ಬೆನ್ನು, ರೋಗಿ ಹತ್ರ ಮಾತ್ರ ಮಾತು. ಹೀಗೇ ನಡೀತಿತ್ತು. ಆಗ ಆಫೀಸಿನ ಮಿಸೆಸ್ ಹಾಲಿಸ್ ಒಂದು ದಿನ ನಮ್ಮನ್ನ ಕರೆದು ಹೇಳಿದ್ರು, "ಇನ್ಮೇಲೆ ಅಟ್ಯಾಚ್‌ಮೆಂಟಿಗೆ ಫೀಸು ಕಟ್ಟಬೇಕು. ಹೊಸ ನಿಯಮ." ಎಷ್ಟು ಅಂತ ಕೇಳಿ ಗ್ರೇಸ್ ನಗು ನಿಂತೋಯ್ತು. ನನಗೋ, ಮನೆ ಬಾಡಿಗೆ ಕೊಡ್ಬೇಕೋ, ಇನ್ನೊಬ್ಬ ಡಾಕ್ಟರ ಬೆನ್ನು ನೋಡೋದಕ್ಕೆ ಕೊಡ್ಬೇಕೋ? ನಿಮ್ಮ ತಾತ, "ಏನಾದ್ರೂ ಮಾಡೋಣ" ಅಂದ್ರು. ಆದ್ರೆ ಅವರು ಮಧ್ಯಾಹ್ನ ಊಟ ತಗೊಂಡು ಹೋಗೋದು ಬಿಟ್ಟಿದ್ದಾರೆ ಅಂತ ಪಾತ್ರೆ ತೊಳೆಯೋವಾಗ ನನಗೆ ಗೊತ್ತಾಯ್ತು, ತೊಳೆಯೋಕೆ ಡಬ್ಬೀನೇ ಇರ್ಲಿಲ್ಲ. ಅವತ್ತು ತೀರ್ಮಾನ ಮಾಡ್ಬಿಟ್ಟೆ, ಸಾಕು, ಡಾಕ್ಟರಿಕೆ ಬೇಡ, ಬನ್ನು ಜೋಡಿಸ್ಕೊಂಡಿರ್ತೀನಿ.

ಹೋಗೋ ಮುಂಚೆ ಆ ಮನುಷ್ಯನಿಗೆ ಒಂದು ಮಾತು ಹೇಳಿ ಹೋಗೋಣ ಅಂತ ವಿಟ್‌ಲೋ ಡಾಕ್ಟರ ಕೋಣೆಗೆ ಹೋದೆ. "ಸರ್, ನಾಳೆಯಿಂದ ಬರಲ್ಲ, ಥ್ಯಾಂಕ್ಯೂ." ಅವರು ಕನ್ನಡಕ ಹಣೆ ಮೇಲೆ ಏರಿಸಿ, "ಯಾಕೆ?" ಅಂದ್ರು. ಫೀಸು ಅಂದೆ. "ಯಾವ ಫೀಸು?" ಅವರಿಗೆ ಗೊತ್ತೇ ಇಲ್ಲ, ನೋಡು. ಹೇಳಿದೆ. ಅವರು ಎದುರಿನ ಕುರ್ಚಿ ಮೇಲಿದ್ದ ಫೈಲು ತೆಗೆದಿಟ್ರು. ಆಮೇಲೆ, "ಕೂತ್ಕೋ, ಡಾಕ್ಟರ್" ಅಂದ್ರು. ಡಾಕ್ಟರ್ ಅಂದ್ರು ಕಣೇ. ಈ ದೇಶಕ್ಕೆ ಬಂದ್ಮೇಲೆ ನನ್ನನ್ನ ಯಾರೂ ಹಾಗೆ ಕರೆದಿರ್ಲಿಲ್ಲ. ಕೂತ್ಕೊಂಡೆ. ಗೋಡೆ ಮೇಲೆ ಒಂದು ಚೌಕಟ್ಟು, ಅದರೊಳಗೆ ಹಳದಿಯಾಗಿರೋ ಚಿಕ್ಕ ಚಿಕ್ಕ ಕಾರ್ಡುಗಳು, ಸಿನಿಮಾ ಟಿಕೆಟ್ಟಿನ ಹಾಗೆ. "ಇವು ನಮ್ಮ ಮುತ್ತಜ್ಜನವು. ಪಾಠದ ಟಿಕೆಟ್ಟು" ಅಂದ್ರು.

ಅವರು ಹೇಳಿದ್ದು ಕೇಳು. ಅವರ ಮುತ್ತಜ್ಜ ಒಬ್ಬ ಬಟ್ಟೆ ವ್ಯಾಪಾರಿ ಮಗ, ಹಳ್ಳಿಯವನು. ಆಗ ನಿನ್ನ ಹಾಗೆ ಒಂದು ಕಾಲೇಜು, ಒಂದು ಸೀಟು, ಒಂದು ಫೀಸು ಅಂತಿರ್ಲಿಲ್ಲ. ಮೊದಲು ಔಷಧಿ ಮಾಡೋನ ಹತ್ರ ವರ್ಷಗಟ್ಟಲೆ ಕೆಲಸ ಕಲಿಯೋಕೆ ಬಿಡ್ಬೇಕು. ಕಲಿಸೋದಕ್ಕೆ ಅಪ್ಪ ಅವನಿಗೇ ಕೈ ತುಂಬ ದುಡ್ಡು ಕೊಡ್ಬೇಕು, ಮಗ ಬಾಟ್ಲಿ ತೊಳೀಬೇಕು, ಗುಳಿಗೆ ಉಂಡೆ ಕಟ್ಟಬೇಕು. ಆಮೇಲೆ ಲಂಡನ್. ಇಲ್ಲಿ ಅಂಗರಚನೆ ಪಾಠ ಒಬ್ಬರ ಹತ್ರ, ಅವರಿಗೆ ಬೇರೆ ದುಡ್ಡು, ಅವರ ಕಾರ್ಡು. ರಸಾಯನ ಶಾಸ್ತ್ರ ಇನ್ನೊಬ್ಬರು, ಅವರಿಗೆ ಬೇರೆ. ಗಿಡಮೂಲಿಕೆ ಪಾಠ, ಹೆರಿಗೆ ಪಾಠ, ಎಲ್ಲಕ್ಕೂ ಬೇರೆ ಬೇರೆ. ಮೇಷ್ಟ್ರು ಕೈಬರಹದಲ್ಲಿ ಹೆಸರು ಬರೆದು ಕೊಟ್ಟ ಕಾರ್ಡು ತೋರಿಸಿದ್ರೆ ಬಾಗಿಲು, ಇಲ್ಲಾಂದ್ರೆ ಇಲ್ಲ. ಆಸ್ಪತ್ರೆ ವಾರ್ಡಲ್ಲಿ ನಡೆಯೋದಕ್ಕೆ ಮತ್ತೆ ಫೀಸು. ನಡೆದ್ರೆ ಸಾಲದು, ಸರ್ಜನ್ ಜೊತೆ ನಿಂತು ಗಾಯಕ್ಕೆ ಪಟ್ಟಿ ಕಟ್ಟಬೇಕು ಅಂದ್ರೆ ಇನ್ನೂ ಜಾಸ್ತಿ. ಮತ್ತೆ ಹೆಣ ಕೊಯ್ದು ಕಲೀಬೇಕಲ್ಲ, ಅದನ್ನೂ ಕೊಳ್ಳಬೇಕು. ಇಡೀ ದೇಹ ಯಾರಿಗೆ ಆಗುತ್ತೆ? ಭಾಗ ಭಾಗ. ಒಂದು ಕೈಗೆ ಇಬ್ಬರು ಸೇರಿ ಕೊಡೋದು. "ಅಜ್ಜೀ, ಛೀ, ದಟ್ಸ್ ಗ್ರಾಸ್!" ಅಂತೀಯ, ಅನ್ನು. ನಾನೂ ಮುಖ ಸಿಂಡರಿಸಿದ್ದೆ. ವಿಟ್‌ಲೋ ಡಾಕ್ಟರು ನಕ್ಕರು, ಮೊದಲ ಸಲ. "ನಮ್ಮ ಮುತ್ತಜ್ಜ ಮತ್ತೆ ಅವನ ಸ್ನೇಹಿತ ಒಂದೇ ತೋಳು ಹಂಚ್ಕೊಂಡು ಕಲಿತರು. ಮಧ್ಯದಲ್ಲಿ ದುಡ್ಡು ಮುಗಿದು ಮುತ್ತಜ್ಜ ಹಡಗಿನ ಡಾಕ್ಟರಾಗಿ ಹೋದ, ವಾಪಸ್ ಬಂದು ಪರೀಕ್ಷೆ ಕಟ್ಟಿದ." ನಾನು ಕೇಳ್ದೆ, "ಹೆಂಗಸರು?" ಅವರು ಕನ್ನಡಕ ತೆಗೆದು ಒರೆಸಿದ್ರು. "ಎಷ್ಟು ದುಡ್ಡು ಕೊಟ್ರೂ ಇಲ್ಲ. ಕೊನೆಗೆ ಅವರೇ ಒಂದು ಸ್ಕೂಲು ಮಾಡ್ಕೋಬೇಕಾಯ್ತು."

ಬಸ್ಸಲ್ಲಿ ಬರ್ತಾ ನನ್ನ ತಲೇಲಿ ಅದೇ, ಒಂದು ತೋಳು, ಇಬ್ಬರು. ಸಾಯಂಕಾಲ ಗ್ರೇಸ್‌ನ, ಸಿದ್ದಿಕೀನ ನಮ್ಮ ಮನೆಗೆ ಕರೆದೆ. ಚಿತ್ರಾನ್ನ ಮಾಡಿದ್ದೆ. ಹೇಳಿದೆ, "ನಾವು ಮೂರು ಜನ ಸೇರಿ ಒಂದೇ ಜಾಗದ ಫೀಸು ಕಟ್ಟೋಣ. ದಿನಕ್ಕೊಬ್ಬರು ಹೋಗೋದು. ಹೋದವರು ಸಾಯಂಕಾಲ ಬಂದು ಮಿಕ್ಕಿಬ್ಬರಿಗೆ ಎಲ್ಲಾ ಹೇಳಿಕೊಡ್ಬೇಕು, ಒಂದು ಮಾತು ಬಿಡದ ಹಾಗೆ." ಸಿದ್ದಿಕಿಗೆ ಹೆದರಿಕೆ. "ಬೆಹೆನ್‌ಜೀ, ಸಿಕ್ಕಿಹಾಕ್ಕೊಂಡ್ರೆ?" ಗ್ರೇಸ್ ಅಂದ್ಳು, "ನಮ್ಮ ಮುಖ ಅಲ್ಲಿ ಯಾರು ನೋಡಿದ್ದಾರೆ, ಕೋಟು ನೋಡ್ತಾರೆ ಅಷ್ಟೇ." ಸರಿ, ಕೋಟು! ಸಿದ್ದಿಕಿ ಕೋಟೊಂದೇ ಚೆನ್ನಾಗಿದ್ದಿದ್ದು. ಅದನ್ನೇ ಮೂವರೂ ಹಾಕ್ಕೊಳ್ಳೋದು ಅಂತಾಯ್ತು. ನನಗೆ ಮೊಣಕಾಲು ದಾಟ್ತಿತ್ತು, ಕೆಳಗೆ ಸೀರೆ ನೆರಿಗೆ. ಗ್ರೇಸ್‌ಗಂತೂ ಪಾದ ಮುಚ್ಚೋದು, ತೋಳು ಮಡಚಿ ಮಡಚಿ ಬಳೆ ಹಾಗೆ ಮಾಡ್ಕೊಳ್ಳೋಳು. ವಿಟ್‌ಲೋ ಡಾಕ್ಟರಿಗೆ ಮಾತ್ರ ಮುಚ್ಚಿಡಲಿಲ್ಲ. ಹೇಳಿದೆ. ಅವರು, "ನನ್ನ ಕಣ್ಣು ಸರಿ ಇಲ್ಲ, ಹಿಂದೆ ಒಂದು ಬಿಳಿ ಕೋಟು ಇದೆ ಅಂತ ಮಾತ್ರ ಕಾಣುತ್ತೆ" ಅಂದ್ರು.

ಆ ಸಾಯಂಕಾಲಗಳು ಇದಾವಲ್ಲ ಅನಿಕಾ, ನಾನು ಎಷ್ಟು ಕಲಿತೆ ಅಂದ್ರೆ, ಮೈಸೂರಲ್ಲಿ ಅಷ್ಟು ವರ್ಷ ಕಲಿತಿದ್ದು ಒಂದು ತೂಕ, ಇದು ಒಂದು ತೂಕ. ಯಾಕೆ ಗೊತ್ತಾ? ನೀನು ನಾಳೆ ಇನ್ನೊಬ್ಬರಿಗೆ ಹೇಳ್ಬೇಕು ಅಂದ್ರೆ ಇವತ್ತು ನೋಡೋ ಕಣ್ಣೇ ಬೇರೆ. ಗೋಡೆಗೆ ಒರಗಿ ನಿಲ್ಲೋದು ನಿಂತೋಯ್ತು. ಗ್ರೇಸ್ ರೋಗಿಗಳ ಹಾಗೆ ನಟನೆ ಮಾಡೋಳು, ನಾನು ಡಾಕ್ಟರು. "ಅಯ್ಯೋ ಹಾಗೆ ಕೇಳ್ತಾರಾ, ನಾನು ಎದ್ದು ಮನೆಗೆ ಹೋಗ್ತೀನಿ" ಅಂತ ಜಗಳಾನೇ ಆಡೋಳು. ಸಿದ್ದಿಕಿ, ಅವನ ಹಾಗೆ ಹೇಳಿಕೊಡೋರನ್ನ ನಾನು ಇವತ್ತಿನವರೆಗೂ ನೋಡಿಲ್ಲ. ಹೃದಯದ ಒಂದೊಂದು ಸದ್ದನ್ನೂ ಊಟದ ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸೋನು. "ಇದು ಚೆನ್ನಾಗಿರೋ ಹೃದಯ. ಇದು ಸೋರ್ತಾ ಇರೋದು. ಕೇಳಿ, ಬೆಹೆನ್‌ಜೀ, ಇನ್ನೊಂದ್ಸಲ ಕೇಳಿ." ನಿಮ್ಮಪ್ಪ ಅವನ ತೊಡೆ ಮೇಲೆ ಕೂತು ತಾನೂ ತಟ್ಟೋದು. ತಾತ ಕೆಲಸದಿಂದ ಬಂದು, "ಇದೇನು ಮನೆಯೋ ಕಾಲೇಜೋ" ಅಂತ ಬೈಕೊಂಡು ನಾಲ್ಕು ಲೋಟ ಕಾಫಿ ಮಾಡೋರು.

ಸಿಕ್ಕಿಹಾಕ್ಕೊಂಡ್ವಿ. ಹಾಕ್ಕೊಳ್ಳದೆ ಇರ್ತೀವಾ? ಗ್ರೇಸ್ ಹೋಗಿದ್ದ ದಿನ ಮಿಸೆಸ್ ಹಾಲಿಸ್ ಕಾರಿಡಾರಲ್ಲಿ ನಿಲ್ಲಿಸಿದ್ರಂತೆ. "ಒಂದು ನಿಮಿಷ. ನಿನ್ನೆ ಈ ಕೋಟಿನ ಕೆಳಗೆ ಸೀರೆ ಇತ್ತಲ್ಲ?" ಮೂವರನ್ನೂ ಕರೆಸಿದ್ರು. ನಮ್ಮನ್ನ ಕಳಿಸ್ತಾರೆ, ಆಯ್ತು, ಆದ್ರೆ ವಿಟ್‌ಲೋ ಡಾಕ್ಟರಿಗೆ ನಮ್ಮಿಂದ ಮಾತು ಬಂದ್ರೆ? ನಾವು ಹೋಗೋ ಹೊತ್ತಿಗೆ ಅವರು ಅಲ್ಲೇ ಕೂತಿದ್ರು. ಮಿಸೆಸ್ ಹಾಲಿಸ್ ಕೂಗಾಡಲಿಲ್ಲ, ಅದೇ ಇನ್ನೂ ಕಷ್ಟ. "ಯಾರ ಯೋಚನೆ ಇದು?" ಅಂದ್ರು. ನಂದು ಅಂದೆ. "ಯಾಕೆ?" ನಾನು ಅಂದೆ, "ಮೇಡಂ, ಒಬ್ಬೊಬ್ಬರೇ ಕಟ್ಟೋಕೆ ನಮ್ಮ ಹತ್ರ ಇಲ್ಲ. ನಿಮ್ಮ ಡಾಕ್ಟರುಗಳೂ ಹೀಗೇ ಹಂಚ್ಕೊಂಡು ಕಲಿತಿದ್ರು ಅಂತ ಕೇಳಿದೆ. ಅವರು ಕೊಟ್ಟ ದುಡ್ಡಿಗೆ ಕೈಗೆ ಕೆಲಸಾನಾದ್ರೂ ಕೊಡ್ತಿದ್ರು. ನಮಗೆ ನೋಡೋದು ಮಾತ್ರ. ನೋಡೋದನ್ನ ಮೂರು ಪಾಲು ಮಾಡಿದ್ರೆ ಆಸ್ಪತ್ರೆಗೆ ಏನು ಕಮ್ಮಿ ಆಗುತ್ತೆ?" ಹೇಳಿ ನನಗೇ ಹೆದರಿಕೆ ಆಯ್ತು. ವಿಟ್‌ಲೋ ಡಾಕ್ಟರು ಕಿಟಕಿ ಕಡೆ ನೋಡ್ತಿದ್ರು.

ಮಿಸೆಸ್ ಹಾಲಿಸ್ ಅಂದ್ರು, "ನನಗೆ ಫೀಸಿನ ಮಾತಲ್ಲ ಇದು. ನನ್ನ ವಾರ್ಡಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತಿರ್ಬೇಕು. ನಾಳೆ ಬೆಂಕಿ ಬಿತ್ತು ಅನ್ನಿ, ನಾನು ಯಾರನ್ನ ಹುಡುಕಲಿ? ಗ್ರೇಸ್‌ನೋ, ನಿಮ್ಮನ್ನೋ?" ನಿಜ ಅನ್ನಿಸ್ತು ಕಣೇ. ಆ ಕಡೆಯಿಂದ ನಾವು ಯೋಚನೇನೇ ಮಾಡಿರ್ಲಿಲ್ಲ. ಮೂರು ಜನಾನೂ ತಪ್ಪಾಯ್ತು ಅಂದ್ವಿ. ಅವರು ಪೆನ್ನು ತಗೊಂಡು ಒಂದೇ ಜಾಗದ ಮುಂದೆ ಮೂರು ಹೆಸರು ಬರೆದ್ರು. "ಬಂದವರು ನನಗೆ ಮುಖ ತೋರಿಸಿ ಮೇಲೆ ಹೋಗ್ಬೇಕು. ಮತ್ತೆ ದಯವಿಟ್ಟು ಆ ಹುಡುಗಿಗೆ ಅಳತೆಗೆ ಸರಿಯಾದ ಕೋಟು ಯಾರಾದ್ರೂ ಕೊಡಿಸಿ, ಎಡವಿ ಬಿದ್ದಾಳು." ಹೊರಗೆ ಬಂದು ಗ್ರೇಸ್ ನಕ್ಕಳು ನೋಡು, ಆಸ್ಪತ್ರೆ ಪೂರ್ತಿ ಕೇಳಿಸಿರ್ಬೇಕು. ಆವತ್ತಿಂದ ವಿಟ್‌ಲೋ ಡಾಕ್ಟರು ಹಿಂದೆ ತಿರುಗೋಕೆ ಶುರು ಮಾಡಿದ್ರು. "ಡಾಕ್ಟರ್, ನೀವೇನಂತೀರಿ?" ಅಂತ ರೋಗಿ ಎದುರಿಗೇ ಕೇಳೋರು.

ಗ್ರೇಸ್ ಪಾಸಾದ್ಳು. ನಾನೂ ಪಾಸಾದೆ. ಆಮೇಲೆ ಜಿಪಿ ಆಗಿ, ನಮ್ಮ ಬಡಾವಣೆಯ ಡಾಕ್ಟರಾಗಿ, ರಿಟೈರ್ ಆಗೋವರೆಗಿನ ಕಥೆ ನಿನಗೆ ಗೊತ್ತೇ ಇದೆ. ಸಿದ್ದಿಕಿ ಪಾಸಾಗಲಿಲ್ಲ. ನಮ್ಮಿಬ್ಬರಿಗೂ ಕಲಿಸಿದವನು ಅವನು. ಪರೀಕ್ಷೆ ಮಾಡೋರ ಎದುರಿಗೆ ಕೂತ್ರೆ ಮಾತೇ ಹೊರಡ್ತಿರ್ಲಿಲ್ಲ ಪಾಪ. ಮತ್ತೆ ಕಟ್ಟಿದ, ಮತ್ತೆ ಅದೇ. ಅವನ ಜೊತೆ ನಾವು ಕೂತ್ವಿ, ಗ್ರೇಸ್ ಎಷ್ಟೋ ಸಲ ಪರೀಕ್ಷಕಿ ಹಾಗೆ ಕನ್ನಡಕ ಹಾಕ್ಕೊಂಡು ಗದರಿಸಿ ಅಭ್ಯಾಸ ಮಾಡಿಸಿದ್ಳು. ಆಗಲಿಲ್ಲ. ಒಂದು ದಿನ ಮುಲ್ತಾನಿಗೆ ವಾಪಸ್ ಹೋಗ್ತೀನಿ ಅಂದ. ಏರ್‌ಪೋರ್ಟಿಗೆ ನಾವೇ ಬಿಟ್ಟು ಬಂದ್ವಿ. ನಾನು ಅಳ್ತಿದ್ದೆ, ಅವನೇ ಸಮಾಧಾನ ಮಾಡಿದ. "ಬೆಹೆನ್‌ಜೀ, ಇಲ್ಲಿ ನಾನು ಡಾಕ್ಟರಾಗಲಿಲ್ಲ ಅಷ್ಟೇ, ಅಲ್ಲಿ ಆಗಲೇ ಆಗಿದೀನಲ್ಲ." ಅಲ್ಲಿ ಮೆಡಿಕಲ್ ಕಾಲೇಜಲ್ಲಿ ಮೇಷ್ಟ್ರಾದ, ಗೊತ್ತಾ. ಬೋರ್ಡು ಬಿಟ್ಟು ಮೇಜು ತಟ್ಟಿಕೊಂಡೇ ಪಾಠ ಮಾಡ್ತಿದ್ನಂತೆ. ಅವನ ಶಿಷ್ಯ ಒಬ್ಬ ಇಲ್ಲಿಗೆ ಬಂದು ನನ್ನ ಕ್ಲಿನಿಕ್ಕಲ್ಲೇ ಸೇರ್ಕೊಂಡಾಗ ಹೇಳಿದ.

ನೋಡಮ್ಮ, ಲೋನು ಸಣ್ಣ ವಿಷಯ ಅಂತ ನಾನು ಹೇಳಲ್ಲ. ಅದು ಇದ್ದೇ ಇರುತ್ತೆ, ತೀರೋವರೆಗೂ ಚುಚ್ಚುತ್ತೆ. ಆದ್ರೆ ಹಾಸ್ಟೆಲಲ್ಲಿ ಬಾಗಿಲು ಹಾಕ್ಕೊಂಡು ಒಬ್ಬಳೇ ಓದಬೇಡ. ಓದಿದ್ದನ್ನ ಪಕ್ಕದವಳಿಗೆ ಹೇಳಿಕೊಡು, ಅವಳಿಂದ ಹೇಳಿಸ್ಕೋ. ಅಷ್ಟು ಮಾಡು, ಸಾಕು. ಏಳು, ಬಿಸಿಲು ಹೋಯ್ತು, ಅನ್ನ ಆರೋಗುತ್ತೆ.