ಗೂಡಿನ ಡಬ್ಬಿಯಲ್ಲಿ ಓದಲಾಗದ ಎರಡು ನಿಮಿಷ

ಹೆಸರು: ಮಹಾನಂದಾ ಕೋಂ ಪ್ರಭು ಕರೆಕಟ್ಟಿ. ವಯಸ್ಸು: 36. ಉದ್ಯೋಗ: ಬೀಜ-ಗೊಬ್ಬರದ ಅಂಗಡಿ. ವಾಸ: ಸ್ಟೇಷನ್ ರಸ್ತೆ, ಗುಡಗೇರಿ, ತಾಲೂಕು ಕುಂದಗೋಳ, ಜಿಲ್ಲಾ ಧಾರವಾಡ.

ದಿನಾಂಕ 31-01-2025ರಂದು ಮಧ್ಯಾಹ್ನ 3-10ಕ್ಕೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದು ಏನಂದರೆ:

ನಮ್ಮದು ಅಂಗಡಿ ಮುಂದೆ, ಮನೆ ಹಿಂದೆ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಸಾವಿತ್ರೆವ್ವ, ಮೈದುನ ಸುಭಾಸ ಮತ್ತು ನನ್ನ ಮಗಳು ರೋಹಿಣಿ ಇರುತ್ತೇವೆ. ರಸ್ತೆಯ ಕಡೆಗೆ ಒಂದು ಕ್ಯಾಮೆರಾ ಹಾಕಿಸಿದ್ದೇವೆ. ಅದು ಕಂಡದ್ದೆಲ್ಲ ಗೋಡೆಯ ಗೂಡಿನಲ್ಲಿಟ್ಟ ಡಬ್ಬಿಯೊಳಗಿನ ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತದೆ.

ದೀಪಾವಳಿ ಆದ ಮೇಲೆ ಆ ಗೂಡಿನಿಂದ ಆಗಾಗ ಟಕ್ ಟಕ್ ಸಪ್ಪಳ ಬರತೊಡಗಿತು. ಅತ್ತೆಯವರು ಅದನ್ನು ಹಲ್ಲಿ ಎಂದರು. ಯಾರಾದರೂ ಮಾತಾಡುವಾಗ ಸಪ್ಪಳವಾದರೆ, ಹಲ್ಲಿ ನುಡಿಯಿತು, ಆಡಿದ ಮಾತು ಖರೆ ಎಂದು ಚಿಟಿಕೆ ಹೊಡೆಯುತ್ತಿದ್ದರು. ಗಿರಾಕಿಗಳೂ ಹೊಡೆಯುತ್ತಿದ್ದರು, ನಾನೂ ಹೊಡೆದಿದ್ದೇನೆ. ಡಿಸೆಂಬರಿನಲ್ಲಿ ಡಬ್ಬಿ ಕೂಗಹತ್ತಿತು, ಡಿಸ್ಕಿನ ಆರೋಗ್ಯ ಕೆಟ್ಟಿದೆ ಎಂದು ಕ್ಯಾಮೆರಾದ ಚಿತ್ರ ನೋಡುವ ಟಿವಿಯಲ್ಲಿ ಕೆಂಪು ಅಕ್ಷರ ಬಂತು. ಸುಭಾಸನು, "ಹೊಸಾದು ಮಾರಾಕ ಕಂಪನಿಯವ್ರು ಮಾಡೂ ಆಟ ಇದು" ಎಂದು ಕೂಗುವುದನ್ನು ಬಂದ್ ಮಾಡಿದನು. ಕೆಂಪು ಅಕ್ಷರ ಹಾಗೇ ಇತ್ತು.

ಈ ತಿಂಗಳ 21ರಂದು ನಾನು, ಗಂಡ, ಅತ್ತೆ, ಮಗಳು ಸಂಶಿಗೆ ಕುಬಸದ (ಸೀಮಂತದ) ಊಟಕ್ಕೆ ಹೋಗಿದ್ದೆವು. ಅಂಗಡಿ ಮುಚ್ಚಿತ್ತು. ಮರಳಿ ಬಂದಾಗ, ನಮ್ಮೂರ ರಾಮಪ್ಪನ ಹೆಂಡತಿ, ಮೆಣಸಿನಕಾಯಿ ಬಿಡಿಸಲು ಹೋಗಿ ಮರಳುತ್ತಿದ್ದ ಗಂಗವ್ವನಿಗೆ ನಮ್ಮ ಅಂಗಡಿಯ ಎದುರಿಗೇ ಯಾವುದೋ ಗಾಡಿ ಬಡಿದು ಹೋಗಿದೆ, ಹುಬ್ಬಳ್ಳಿಗೆ ಒಯ್ದಿದ್ದಾರೆ ಎಂದು ತಿಳಿಯಿತು. ಆಕೆ 24ರಂದು ತೀರಿಕೊಂಡಳು.

ದಿನಾಂಕ 22ರಂದು ಬೆಳಿಗ್ಗೆ ಅಂಗಡಿ ತೆರೆದು ನಾನೊಬ್ಬಳೇ ಚಿತ್ರ ಹಚ್ಚಿ ನೋಡಿದೆನು. ಸಂಜೆ 6-38ಕ್ಕೆ ಗಂಗವ್ವ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುತ್ತಾಳೆ. ಹಿಂದಿನಿಂದ ಟ್ರ್ಯಾಕ್ಟರ್ ಬಡಿಯುತ್ತದೆ. ಅದು ನಮ್ಮ ಟ್ರ್ಯಾಕ್ಟರ್. ಇಳಿದವನು ಸುಭಾಸ. ಆಕೆ ಕೈ ಎತ್ತುತ್ತಾಳೆ, ಅಂದರೆ ಆಗ ಮೈಮೇಲೆ ಎಚ್ಚರವಿತ್ತು. ಅವನು ಆಚೀಚೆ ನೋಡಿ, ಹತ್ತಿ, ಹೋಗಿಬಿಡುತ್ತಾನೆ.

ಅದೇ ದಿನ ತಮ್ಮ ಠಾಣೆಯ ಪೇದೆಯವರು ಬಂದು ಕ್ಯಾಮೆರಾದ ವಿಷಯ ಕೇಳಿದಾಗ, ಸುಭಾಸನು ಕೆಂಪು ಅಕ್ಷರ ತೋರಿಸಿ, ಡಬ್ಬಿ ಕೆಟ್ಟು ಎರಡು ತಿಂಗಳಾಯಿತು, ಅದರಲ್ಲಿ ಏನೂ ಬಿದ್ದಿಲ್ಲ ಎಂದನು. ಅಷ್ಟರಲ್ಲಿ ಟಕ್ ಎಂದಿತು. ಅತ್ತೆಯವರು ಚಿಟಿಕೆ ಹೊಡೆದು, "ಹಲ್ಲಿ ನುಡೀತು ನೋಡ್ರಿ ಸಾಹೇಬ್ರ, ಖರೇನ ಐತಿ" ಎಂದರು. ಪೇದೆಯವರು ನಕ್ಕು ಹೋದರು. ನನ್ನ ಬಾಯಿ ಜೋರು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆ ಹೊತ್ತಿಗೆ ಆ ಬಾಯಿ ಎಲ್ಲಿ ಸತ್ತಿತ್ತೋ ಗೊತ್ತಿಲ್ಲ. ಡಿಸ್ಕಿನಲ್ಲಿ ಇದ್ದೇ ಇದೆಯಲ್ಲ, ಒಂದು ದಿನ ಅದೇ ಹೇಳಲಿ, ನಾನೇಕೆ ಹೇಳಬೇಕು ಎಂದುಕೊಂಡೆನು. ಗಂಡನಿಗೂ ಹೇಳಲಿಲ್ಲ. ತಮ್ಮನೆಂದರೆ ಅವರಿಗೆ ಜೀವ.

ಮಣ್ಣು ಮಾಡಿದ ಮರುದಿನ ರಾಮಪ್ಪ ಅಂಗಡಿಗೆ ಬಂದು, ಮೇಲಿನ ಕ್ಯಾಮೆರಾದ ಕಡೆ ಕೈ ತೋರಿಸಿ, "ಅವ್ವಾರ, ಆ ಕಣ್ಣಿಗೆ ಏನರ ಕಂಡೈತೇನ್ರಿ?" ಎಂದು ಕೇಳಿದನು. ನಾನು, "ಇಲ್ಲೋ ಯಪ್ಪಾ" ಎಂದೆನು. ಅವನು ಕೈ ಮುಗಿದು ಹೋದನು. ನನಗೆ ನನ್ನ ಮೇಲೇ ಹೇಸಿಕೆ ಬಂತು.

22ರಿಂದಲೂ ಅಂಗಡಿಯಲ್ಲಿ ಒಬ್ಬಳೇ ಇದ್ದಾಗಲೆಲ್ಲ ಅದನ್ನೇ ಹಚ್ಚಿ ನೋಡಿದೆನು. ಒಮ್ಮೆಯಾದರೂ ಅವನಲ್ಲ, ಬೇರೆ ಯಾರೋ ಎಂದು ಕಾಣಲಿ ಎಂಬ ಆಸೆಯಿತ್ತು. ನೋಡಿದಷ್ಟೂ ಟಕ್ ಟಕ್ ಹೆಚ್ಚಾಯಿತು, ಚಿತ್ರ ನಿಂತು ನಿಂತು ಬರತೊಡಗಿತು.

ದಿನಾಂಕ 28ರಂದು ಡಿಸ್ಕ್ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕುಂದಗೋಳಕ್ಕೆ ಹೋಗಿ, ಕಂಪ್ಯೂಟರ್ ದುರಸ್ತಿ ಮಾಡುವ ರಜಿಯಾಬೇಗಂ ಅವರಿಗೆ ಕೊಟ್ಟೆನು. ಡಿಸ್ಕ್ ತನ್ನ ಆರೋಗ್ಯದ ವರದಿಯನ್ನು ತಾನೇ ಇಟ್ಟುಕೊಂಡಿರುತ್ತದೆಯಂತೆ. ಅದನ್ನು ನೋಡಿ ಅವರ ಮುಖ ಸಣ್ಣದಾಯಿತು. "ಅಕ್ಕಾರ, ಇದು ಹೊಲಾ ಇದ್ದಂಗರಿ, ಸಣ್ಣ ಸಣ್ಣ ಮಡಿ ಇರ್ತಾವು. ಒಂದು ಮಡಿ ಸವಳಾಗಿ ಕೆಟ್ರ, ಕಾದಿಟ್ಟ ಬ್ಯಾರೆ ಮಡಿ ಕೊಡತೈತಿ. ಈಗ ಕಾದಿಟ್ಟದ್ದೆಲ್ಲ ಮುಗದೈತ್ರಿ. ಕೆಂಪು ಅಕ್ಷರ ಬಂದಾಗನ ಬಂದ್ ಮಾಡಿ ನಕಲು ತಗೀಬೇಕಿತ್ತು" ಎಂದರು. ಹಲ್ಲಿಯ ವಿಷಯ ಹೇಳಿದೆನು. "ಹಲ್ಲಿ ಅಲ್ರೀ, ಓದೂ ಮುಳ್ಳು ಓದಾಕಾಗದ ಹೊಡಕೊಳ್ಳೂ ಸಪ್ಪಳ" ಎಂದರು. ಎಷ್ಟು ಸಲ ಹಚ್ಚಿದಿರಿ ಎಂದು ಕೇಳಿದರು. ದಿನಾಲು ಎಂದೆನು. ಹಾಳಾಗುತ್ತಿರುವ ಡಿಸ್ಕ್ ಓಡಿದಷ್ಟೂ ಹಾಳಾಗುತ್ತದೆ ಎಂದರು. ನಾನು ಅವರ ಅಂಗಡಿಯಲ್ಲೇ ಅತ್ತೆನು.

ದಿನಾಂಕ 30ರಂದು ಡಿಸ್ಕಿನ ಸಂಗಡ ನಕಲು ಕೊಟ್ಟರು. ಮಿಕ್ಕದ್ದೆಲ್ಲ ಬಂದಿದೆ, 6-38ರಿಂದ 6-40ರವರೆಗಿನದು ಬಂದಿಲ್ಲ. ಗಂಗವ್ವ ನಡೆದು ಬರುತ್ತಾಳೆ, ಆಮೇಲೆ ಬಿದ್ದಿದ್ದಾಳೆ. ನಡುವೆ ಟ್ರ್ಯಾಕ್ಟರ್ ಇಲ್ಲ, ಸುಭಾಸನೂ ಇಲ್ಲ.

ಈ ದಿವಸ ಬೆಳಿಗ್ಗೆ ಚಹಾ ಕುಡಿಯುವಾಗ ಅತ್ತೆಯವರು, "ಮೂರು ದಿನಾತು, ಹಲ್ಲಿ ನುಡೀವಲ್ದು ನೋಡು" ಎಂದರು. ಸುಭಾಸನು ಕಪ್ಪು ಕೆಳಗಿಟ್ಟು ಗೂಡಿನ ಕಡೆ ನೋಡಿದನು, ಆಮೇಲೆ ನನ್ನ ಕಡೆ ನೋಡಿದನು. ಅತ್ತೆಯವರು ಒಳಗೆ ಹೋದ ಮೇಲೆ, "ವೈನಿ, ಎಷ್ಟು ಸಲ ನೋಡಿದ್ರಿ?" ಎಂದು ಕೇಳಿದನು. ನೋಡಿದಿರೇನು ಎಂದು ಕೇಳಲಿಲ್ಲ. ಅವನು ನಕ್ಕು, "ಇರ್ಲಿ ಬಿಡ್ರಿ, ಮನಿ ಮಂದಿ ನಾವು" ಎಂದನು. ನಕ್ಕಿದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಡಿಸ್ಕ್ ಮತ್ತು ನಕಲನ್ನು ತಮ್ಮ ಮುಂದೆ ಇಟ್ಟಿದ್ದೇನೆ. ಆ ಎರಡು ನಿಮಿಷ ಅದರಲ್ಲಿ ಇಲ್ಲ. ಅದನ್ನು ನೋಡಿದವಳು ನಾನೊಬ್ಬಳೇ. ಟ್ರ್ಯಾಕ್ಟರ್ ಹೊಡೆದವನು ನನ್ನ ಮೈದುನ ಸುಭಾಸ. ಕೋರ್ಟಿನಲ್ಲಿಯೂ ಇದನ್ನೇ ಹೇಳುತ್ತೇನೆ.

ನನ್ನ ಮಗಳು ನಾಲ್ಕನೆಯ ತರಗತಿ. ದಿನಾಲು 4-20ಕ್ಕೆ ಸುಭಾಸನೇ ಬೈಕಿನ ಮೇಲೆ ಅವಳನ್ನು ಕರೆತರುತ್ತಾನೆ. ಈ ಹೇಳಿಕೆ ಬರೆಸುತ್ತಿರುವಾಗಲೇ 3-55ಕ್ಕೆ ಶಾಲೆಗೆ ಫೋನ್ ಮಾಡಿ, ಇವತ್ತು ಅವನ ಸಂಗಡ ಕಳಿಸಬೇಡಿರಿ, ನಾನೇ ಬರುತ್ತೇನೆ ಎಂದೆನು. ಮೇಡಂ ಅವರು, "ಆಕಿ ಕಾಕಾ ಆಗಲೇ ಬಂದು ಕರಕೊಂಡು ಹೋದ್ರಲ್ರಿ" ಎಂದರು.

ಮೇಲಿನದೆಲ್ಲ ನಾನು ಬಾಯಿಬಿಟ್ಟು ಹೇಳಿದ್ದೇ, ಸುಳ್ಳಿಲ್ಲ. ಓದಿಸಿ ಕೇಳದೆ ಸಹಿ ಮಾಡಿದ್ದೇನೆ. ಓದುವುದು ಆಮೇಲಿರಲಿ, ಮೊದಲು ಜೀಪು ಹೊರಡಿಸಿರಿ.

ಸ್ಥಳ: ಗುಡಗೇರಿ
ದಿನಾಂಕ: 31-01-2025
ಸಹಿ: ಮಹಾನಂದಾ ಪ್ರಭು ಕರೆಕಟ್ಟಿ