ಇಟ್ಟಿಗೆ ಕೊಟ್ಟ ಬಾಗಿಲು

ಸೈನಿಕರ ಆಸ್ಪತ್ರೆಯಲ್ಲಿ ಪಲ್ಟನ್ನಿನ ಧರ್ಮಗುರುಗಳ ಕೋಣೆಯ ಬಾಗಿಲಿಗೆ ಇಟ್ಟಿಗೆ ಕೊಟ್ಟು ಪೂರ್ತಿ ತೆರೆದಿಟ್ಟಿದ್ದರು. ಅಲ್ಲಿಂದ ಬರುವ ಚಳಿಗಾಳಿ, ಹೊರಗೆ ಬೆಂಚಿನಲ್ಲಿ ಕೂತ ಮುದಿ ಹವಾಲ್ದಾರರ ಮಂಡಿಯನ್ನು ಹಿಂಡುತ್ತಿತ್ತು. ಎದ್ದು ಮುಚ್ಚಿಬಿಡೋಣ ಎಂದುಕೊಳ್ಳುವಷ್ಟರಲ್ಲಿ, ಪಕ್ಕದಲ್ಲಿದ್ದ ಸಿಪಾಯಿ ಮತ್ತು ಅವನ ಅಕ್ಕನ ಮಾತು ಕಿವಿಗೆ ಬಿತ್ತು.

“ಮನೇಲೂ ಹೀಗೇ. ನೀನು ಒಂದು ಬಾಗಿಲೂ ಹಾಕಲ್ಲ. ನಿನ್ನೆ ಹಾಲೆಲ್ಲ ಬೆಕ್ಕಿನ ಪಾಲಾಯ್ತು.”

“ಹಾಕೋಕೆ ಕೈ ಬರಲ್ಲ ಅಕ್ಕ.”

“ಅವತ್ತು ಶಿಬಿರದ ಗೇಟು ತೆಗೀಬೇಡ ಅಂದಿದ್ದು ಸಾಹೇಬ್ರು ಕಣೋ. ನಿನ್ನ ತಪ್ಪೇನಿದೆ?”

“ಹೊರಗಡೆ ಮಗು ಎತ್ಕೊಂಡು ಬಂದ ತಾಯಿ ಗೇಟು ಬಡೀತಿದ್ದಿದ್ದು ಸಾಹೇಬ್ರಿಗೆ ಕೇಳಿಸ್ಲಿಲ್ಲ. ನಂಗೆ ಕೇಳಿಸ್ತು. ಮಗು ಅಳೋದೂ ಕೇಳಿಸ್ತು. ಗುಂಡಿನ ಸದ್ದು ನಿಂತಾಗ ಎರಡೂ ನಿಂತ್ಹೋಗಿತ್ತು.”

ಅಕ್ಕ ಅವನ ಹತ್ತಿರಕ್ಕೆ ಸರಿದು ಕೂತಳು.

“ಗುರುಗಳು ಏನಂದ್ರು?”

“ಇದಕ್ಕೆ ಕ್ಷಮೆ ಇದ್ಯಾ ಅಂತ ಕೇಳ್ದೆ. ಗೊತ್ತಿಲ್ಲಪ್ಪ ಅಂದ್ರು.”

“ಅಷ್ಟೆಲ್ಲ ಓದ್ಕೊಂಡವರು, ಗೊತ್ತಿಲ್ಲ ಅಂದ್ರಾ!”

“ಹೂಂ. ಗೊತ್ತಾಗೋವರೆಗೂ ನಿನ್ನ ಜೊತೆ ಕೂತಿರ್ತೀನಿ ಅಂದ್ರು. ಆಮೇಲೆ ತಾವೇ ಹೋಗಿ, ಬಾಗಿಲು ಮುಚ್ಕೋಬಾರ್ದು ಅಂತ ಈ ಇಟ್ಟಿಗೆ ತಂದಿಟ್ರು. ಇಷ್ಟು ಚಳಿ ಬಿದ್ರೂ ತೆಗ್ದಿಲ್ಲ.”

ಅಕ್ಕ ಬೆರಗಾಗಿ ಇಟ್ಟಿಗೆಯನ್ನೇ ನೋಡಿದಳು. ದೇವರನ್ನು ನೋಡುವಂತೆ ನೋಡಿದಳು.

“ಬಾರಪ್ಪ,” ಎಂದು ಒಳಗಿನಿಂದ ದನಿ ಬಂತು. ಹಿಂದೆಯೇ ಗೂರಲು ಕೆಮ್ಮು.

ಇಬ್ಬರೂ ಗಡಿಬಿಡಿಯಲ್ಲಿ ಒಳಹೋದರು. ಅಕ್ಕನ ಕಾಲು ತಗುಲಿ ಇಟ್ಟಿಗೆ ಸರಿಯಿತು. ಬಾಗಿಲು ಗಾಳಿಗೆ ಕಿರುಗುಟ್ಟುತ್ತ ಮುಚ್ಚಿಕೊಳ್ಳತೊಡಗಿತು.

ಹವಾಲ್ದಾರರು ನೋಯುವ ಕಾಲನ್ನೇ ಚಾಚಿ ಅದನ್ನು ತಡೆದು ಹಿಡಿದರು.